ಕತ್ತಿನ ದಿಂಬು

ದಿಂಬನ್ನು ಎಳೆದ ಕೂಡಲೇ ಹೆಣದ ತಲೆ ಹಿಂದಕ್ಕೆ ವಾಲಿ ಗದ್ದ ಮೇಲೆದ್ದಿತು.

"ಅತ್ತೆಮ್ಮಾ, ಅದನ್ನ ತೆಗೀಬ್ಯಾಡ್ರಿ," ಅಂದಳು ಶಿವಲಕ್ಷ್ಮಿ. ಗಂಡ ಹೋದಮೇಲೆ ಅವಳು ಆಡಿದ ಮೊದಲ ಮಾತು ಅದು.

ಅವಳ ಗಂಡ ಲೋಕನಾಥ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಟೈಲರ್. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ದಿಂಬು ಎಳೆದವಳು ಅವನ ದೊಡ್ಡಮ್ಮ ಪದ್ಮಾವತಮ್ಮ. ಆ ಮನೆತನದ ಹುಟ್ಟಿಗೂ ಸಾವಿಗೂ ಶಾಸ್ತ್ರ ಹೇಳುವವಳು ಅವಳೇ. ಪುರೋಹಿತರೂ ಅವಳ ಮುಖ ನೋಡಿಕೊಂಡೇ ಬಾಯಿ ತೆರೆಯುತ್ತಿದ್ದರು.

"ಹೊಲಿದದ್ದು ಯಾವುದೂ ಹೆಣದ ಜೋಡಿ ಹೋಗಬಾರದವ್ವ. ಅಂಗಿ ತೆಗದೀವಿ, ಬನಿಯನ್ನೂ ತೆಗದೀವಿ. ಇದೊಂದು ಯಾಕ ಬಿಡಬೇಕು? ಟೈಲರ್ ಮನ್ಯಾಗ ನಾವೇ ತಪ್ಪಿದರ ಮಂದಿ ಏನಂದಾರು?"

"ಅದಿಲ್ದ ಅವರಿಗೆ ಮಲಗಾಕ ಆಗಲ್ರಿ."

ಅಂಗಳದಲ್ಲಿ ಲೋಕನಾಥನ ಅಣ್ಣ ತಿರುಮಲೇಶ್ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ. "ತಲಿನೋವು ಅಂತ ಅಳಕೊಂತ ಬದುಕಿದ, ಎದಿನೋವಿಗೆ ಹೋದ. ಇನ್ನ ಅವಗ ಯಾವ ನೋವೂ ಇಲ್ಲ, ಬಿಡವ್ವ," ಅಂದ.

*

ಆ ತಲೆನೋವು ಶುರುವಾದದ್ದು ಆಟೋ ಉರುಳಿದ ಮೇಲೆ. ಬೊಮ್ಮನಹಾಳ್ ಕಡೆಯಿಂದ ಹೊಲಿದ ಪ್ಯಾಂಟಿನ ಗಂಟು ಹೇರಿಕೊಂಡು ಬರುವಾಗ ಕಾಲುವೆ ಏರಿಯ ಮೇಲೆ ಆಟೋ ಮಗುಚಿತ್ತು. ಲೋಕನಾಥ ಗಂಟುಗಳ ಮೇಲೇ ಬಿದ್ದ. ಮೈಮೇಲೆ ಒಂದು ಗೀರೂ ಇಲ್ಲ. ದೇವರು ದೊಡ್ಡವನು ಎಂದು ಮನೆಯವರು ಕಾಯಿ ಒಡೆದರು.

ಕೆಲವು ದಿನಗಳಲ್ಲೇ ಹೆಡತಲೆಯಿಂದ ಏರಿ ಬಲಗಣ್ಣಿನ ಹಿಂದೆ ಬಂದು ಕೂರುವ ನೋವು ಹತ್ತಿಕೊಂಡಿತು. ರಕ್ತ ಬಾರದ ಪೆಟ್ಟನ್ನು ಊರು ನಂಬುವುದಿಲ್ಲ. ಕನ್ನಡಕ ಹಾಕಿಸಿದರು, ಪಿತ್ತವೆಂದು ನಿಂಬೆಹಣ್ಣು ಹಿಂಡಿ ಕುಡಿಸಿದರು, ದೃಷ್ಟಿ ತೆಗೆದರು. ಪದ್ಮಾವತಮ್ಮ ಮಾತ್ರ, "ಕೆಲಸಗಳ್ಳಗ ತಲಿನೋವೇ ನೆವ," ಎಂದು ಅವನ ಎದುರಿಗೇ ಅಂದುಬಿಟ್ಟಳು.

ಕೊನೆಗೆ ಬಳ್ಳಾರಿಯ ಡಾಕ್ಟರೊಬ್ಬರು ಅವನ ಹೆಡತಲೆಯ ಕೆಳಗೆ ಬೆರಳಿಟ್ಟು ಒತ್ತಿದರು. ಲೋಕನಾಥ ಚೀರಿದ.

"ಪೆಟ್ಟು ಬಿದ್ದಿರೋದು ಕತ್ತಿಗೆ. ನೋವು ಇಲ್ಲಿಂದ ತಲೆಗೆ ಏರುತ್ತೆ. ಬಗ್ಗಿ ಕೆಲಸ ಮಾಡಬೇಡಿ," ಅಂದರು.

ಟೈಲರಿಗೆ ಬಗ್ಗಬೇಡ ಅಂದರೆ ಉಣ್ಣಬೇಡ ಅಂದಂತೆ. ಲೋಕನಾಥ ಬಗ್ಗುವುದನ್ನು ಬಿಟ್ಟ, ಹೊಲಿಯುವುದನ್ನು ಬಿಡಲಿಲ್ಲ. ಮಷೀನನ್ನು ಇಟ್ಟಿಗೆಗಳ ಮೇಲೇರಿಸಿ, ಕತ್ತು ನೆಟ್ಟಗಿಟ್ಟು ಹೊಲಿದ. "ಮಷೀನಿಗೆ ಪಟ್ಟ ಕಟ್ಟೀರೇನ್ರಿ?" ಎಂದು ಓಣಿಯವರು ನಕ್ಕರೆ ತಾನೂ ನಕ್ಕ. ಮಿಕ್ಕ ಜೀನ್ಸ್ ತುಂಡೊಂದನ್ನು ಕೊಳವೆಯಂತೆ ಹೊಲಿದು, ಚೂರು ಬಟ್ಟೆ ತುಂಬಿ ಕತ್ತಿಗೊಂದು ದಿಂಬು ಮಾಡಿಕೊಂಡ. ಅದರ ಮೇಲೆ ಕತ್ತಿಟ್ಟರೆ ಮಾತ್ರ ಅವನಿಗೆ ನಿದ್ದೆ. ಆಟೋದಲ್ಲೂ ಅದು ಕತ್ತಿನ ಹಿಂದೆ ಇರಬೇಕು. ಪಕ್ಕದಲ್ಲಿ ಕೂತ ಶಿವಲಕ್ಷ್ಮಿ ದಾರಿಯುದ್ದಕ್ಕೂ ಡ್ರೈವರಿಗೆ ಹೇಳುತ್ತಿದ್ದಳು: "ಮುಂದ ತೆಗ್ಗು ಐತಿ, ಮೆಲ್ಲಕ ಹೋಗಪ್ಪ."

*

ಮಣ್ಣಿಗೆ ಹೊತ್ತಾಗುತ್ತಿತ್ತು. ಹೆಂಗಸರು ಮಸಣಕ್ಕೆ ಹೋಗುವ ರೂಢಿ ಆ ಮನೆಯಲ್ಲಿಲ್ಲ. ಏನು ಮಾಡುವುದಿದ್ದರೂ ಚಟ್ಟ ಏಳುವುದರೊಳಗೆ.

ಶಿವಲಕ್ಷ್ಮಿ ಎದ್ದು ಪದ್ಮಾವತಮ್ಮನ ಕೈಯಿಂದ ದಿಂಬು ಇಸಿದುಕೊಂಡಳು. ಮಷೀನಿನ ಡ್ರಾಯರಿನಿಂದ ಬ್ಲೇಡು ತಂದು ನೆಲಕ್ಕೆ ಕೂತಳು.

"ಏನ್ ಮಾಡಾಕ ಹತ್ತೀಯವ್ವ?"

"ಹೊಲಿದದ್ದು ಹೋಗಬಾರದು ಅಂದ್ರೆಲ್ಲ. ಬಿಚ್ತೀನ್ರಿ."

ಜೀನ್ಸ್ ದಾರದ ಜೋಡಿ ಹೊಲಿಗೆ; ಅವನು ಹೊಲಿದದ್ದು ಸುಲಭಕ್ಕೆ ಬಿಡುವಂಥದ್ದಲ್ಲ. ಒಂದೊಂದೇ ಎಳೆಯನ್ನು ಬ್ಲೇಡಿನ ತುದಿಯಿಂದ ಮೀಟಿ ಮೀಟಿ ಕೊಯ್ದಳು. ಚಟ್ಟ ಹೊರುವವರು ಕಾದರು. ಗಂಡನ ಕೈಕೆಲಸ ತನ್ನ ಕೈಯಲ್ಲೇ ಬಿಚ್ಚಿಹೋಗುತ್ತಿದ್ದುದನ್ನು ಕಂಡು, ಅಲ್ಲಿಯವರೆಗೆ ಬಾರದಿದ್ದ ಅಳು ಅವಳಿಗೆ ಒಮ್ಮೆಲೇ ಬಂತು. ಅಳುತ್ತಲೇ ಬಿಚ್ಚಿದಳು.

ಚೂರುಗಳು ನೆಲಕ್ಕೆ ಸುರಿದವು. ಬರಿಯ ಬಟ್ಟೆಯನ್ನು ಕೊಡವಿ ಪದ್ಮಾವತಮ್ಮನ ಮುಂದೆ ಹಿಡಿದಳು. "ನೋಡ್ರಿ. ಎಲ್ಯಾರ ಹೊಲಿಗಿ ಐತೇನು?"

ಮುದುಕಿ ಬಟ್ಟೆಯ ಅಂಚಿನುದ್ದಕ್ಕೂ ಬೆರಳಾಡಿಸಿದಳು. ದಾರವಿರಲಿಲ್ಲ, ಸೂಜಿಯ ತೂತುಗಳಷ್ಟೇ ಇದ್ದವು. ಬಟ್ಟೆಯ ನಡುಭಾಗ ಕತ್ತಿನ ಒರಸಿಗೆ ಬೆಳ್ಳಗೆ ಸವೆದುಹೋಗಿತ್ತು. ಬೆರಳು ಅಲ್ಲಿಗೆ ಬಂದು ನಿಂತಿತು.

ಆಮೇಲೆ ಅವಳು ಚೂರುಗಳನ್ನೆಲ್ಲ ಬಳಿದು ಬಟ್ಟೆಯ ಮೇಲೆ ಹರಡಿ, ತಾನೇ ಸುತ್ತತೊಡಗಿದಳು.

"ಎಷ್ಟು ದಪ್ಪ ಬೇಕವ್ವ ಅವಗ?"

ಶಿವಲಕ್ಷ್ಮಿ ಮುಷ್ಟಿ ಹಿಡಿದು ತೋರಿಸಿದಳು.

ತಿರುಮಲೇಶ್ ತಮ್ಮನ ತಲೆಯನ್ನು ಎತ್ತಿ ಹಿಡಿದ. ಪದ್ಮಾವತಮ್ಮ ಸುರುಳಿಯನ್ನು ಕತ್ತಿನ ಕೆಳಗೆ ತೂರಿಸಿದಳು. ಗದ್ದ ಕೆಳಗಿಳಿಯಿತು. "ಕುಣ್ಯಾಗ ಇಳಿಸಿದ ಮ್ಯಾಲೂ ಹಿಂಗ ಇಡಪ. ಮರೀಬ್ಯಾಡ," ಅಂದಳು.

ಚಟ್ಟ ಎದ್ದಿತು. ಓಣಿಯ ತಿರುವಿನಲ್ಲಿ ನೀರಿನ ಪೈಪಿಗೆಂದು ಅಗೆದದ್ದನ್ನು ಇನ್ನೂ ಸರಿಯಾಗಿ ಮುಚ್ಚಿರಲಿಲ್ಲ. ಹೊಸ್ತಿಲಲ್ಲಿ ನಿಂತ ಶಿವಲಕ್ಷ್ಮಿ ಕೂಗಿದಳು:

"ಮುಂದ ತೆಗ್ಗು ಐತಿ, ಮೆಲ್ಲಕ ಹೋಗ್ರಪ್ಪ."

ಯಾರೂ ತಿರುಗಿ ನೋಡಲಿಲ್ಲ. ಹೊತ್ತ ನಾಲ್ವರೂ ಹೆಜ್ಜೆ ಸಣ್ಣದು ಮಾಡಿದರು.