ತುಂಬಿ ಬರುವ ಡಬ್ಬಿ

ನಾವೀಗಿರುವ ಪರದೇಶದ ಊರು ಕ್ಲೇಟನ್‌ನಲ್ಲಿ ನಮ್ಮ ಪಕ್ಕದ ಮನೆಯ ಮಹಾಶ್ವೇತಾಳದು ದಿನಾ ಒಂದೇ ಗೋಳು. ಮಗ ಆರವ್ ಶಾಲೆಗೆ ಒಯ್ದ ಊಟದ ಡಬ್ಬಿ ಹಾಗೇ ತುಂಬಿ ವಾಪಸ್ ಬರುತ್ತದೆ. ಈ ವರ್ಷ ತಾನೇ ಶಾಲೆ ಸೇರಿದ ಐದು ವರ್ಷದ ಕೂಸು, ಸಂಜೆ ಮುಖ ಬಾಡಿಸಿಕೊಂಡು ಬಂದು ಕಾರಿನಲ್ಲೇ ನಿದ್ದೆ ಹೋಗುತ್ತಾನೆ.

ಚಪಾತಿ ಸೇರುವುದಿಲ್ಲವೇನೋ ಎಂದು ಪಾಸ್ತಾ ಕಟ್ಟಿದಳು. ಅದೂ ಬಂತು. ಸ್ಯಾಂಡ್‌ವಿಚ್ ಕಟ್ಟಿದಳು. ಅದೂ ಬಂತು. ಹುಬ್ಬಳ್ಳಿಯಿಂದ ಬಂದಿರುವ ಅವಳ ಅತ್ತೆ ಗೌರಕ್ಕ, ಕ್ಲಾಸಿನ ಹುಡುಗರು ನಮ್ಮ ಅಡುಗೆ ಕಂಡು ನಗುತ್ತಿರಬೇಕು, ಶಾಲೆಗೆ ಹೋಗಿ ಜಗಳ ತೆಗೆಯೋಣ ಎಂದು ಹಟ ಹಿಡಿದರು. ಸ್ಯಾಂಡ್‌ವಿಚ್ ಕಂಡು ಯಾರು ನಗುತ್ತಾರೆ? ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು.

ಇಲ್ಲಿಗೆ ಬರುವ ಮೊದಲು ನಾವು ಜಪಾನಿನ ಕೋಬೆ ನಗರದಲ್ಲಿದ್ದೆವು. ನನ್ನ ಮಗಳು ಪಲ್ಲವಿ ಒಂದನೇ ಕ್ಲಾಸಿನಲ್ಲೇ ಅಕ್ಕಪಕ್ಕದ ಮಕ್ಕಳ ಜೊತೆ ನಡೆದುಕೊಂಡು ಶಾಲೆಗೆ ಹೋಗುತ್ತಿದ್ದಳು. ಮಧ್ಯಾಹ್ನ ಮಕ್ಕಳೇ ಏಪ್ರನ್ ಕಟ್ಟಿಕೊಂಡು ಬಡಿಸಿ, ಉಂಡು, ತಟ್ಟೆ ಎತ್ತಿಟ್ಟು, ಆಮೇಲೆ ಕೋಣೆ ಗುಡಿಸುತ್ತಿದ್ದರು. ಮೊದಮೊದಲು ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಇದನ್ನು ಹೇಳಿದರೆ ಗೌರಕ್ಕ ಮೂಗು ಮುರಿದರು.

“ಸಾಲಿಗೆ ಕಳಿಸೋದು ಕಸಾ ಹೊಡ್ಯಾಕೇನ ನಿವೇದಿತಾ? ನಮ್ಮ ಕೂಸಿಗೆ ಇನ್ನೂ ನಾನ ತುತ್ತು ಮಾಡಿ ಉಣಸ್ತೀನಿ.”

ಆಗಲೇ ನನಗೆ ಅನುಮಾನ ಬಂತು. ಅಂದು ತುಂಬಿ ಬಂದಿದ್ದ ಚಪಾತಿ ಪಲ್ಯದ ಡಬ್ಬಿಯನ್ನು ಆರವ್ ಮುಂದಿಟ್ಟು, ತಿನ್ನಪ್ಪಾ ಎಂದೆ. ಮುಚ್ಚಳ ಎಳೆದ. ತಿರುಗಿಸಿ ಎಳೆದ. ಹಲ್ಲಿನಿಂದ ಕಚ್ಚಿದ. ಕೊನೆಗೆ ಡಬ್ಬಿಯನ್ನು ಅಜ್ಜಿಯ ಕಡೆ ತಳ್ಳಿ, ಬಾಯಿ ತೆರೆದು ಕೂತ.

“ಟೀಚರಿಗೆ ಹೇಳ್ಬೇಕಿತ್ತಲ್ಲೋ?” ಎಂದಳು ಮಹಾಶ್ವೇತಾ.

“ಎಲ್ಲಾರೂ ಓಪನ್ ಮಾಡ್ತಾರ. ಐ ಕಾಂಟ್,” ಎಂದು ಹುಡುಗ ಅತ್ತುಬಿಟ್ಟ.

ಎಣ್ಣೆ ಸೋರಬಾರದೆಂದು ದಿನವೂ ಆ ಮುಚ್ಚಳವನ್ನು ಒತ್ತಿ ಕೂರಿಸುತ್ತಿದ್ದವರು ಗೌರಕ್ಕನೇ. ಅಭ್ಯಾಸಬಲದಿಂದ ಕೈ ಚಾಚಿದವರು ತಡೆದು, ಸೆರಗಿನೊಳಗೆ ಎಳೆದುಕೊಂಡರು. ಅವರ ಕಣ್ಣೂ ತುಂಬಿತ್ತು.

“ನೀನ ತಗಿ, ನನ್ನಪ್ಪಾ. ನಾ ಮುಟ್ಟಂಗಿಲ್ಲ.”

ಮುಚ್ಚಳ ಹಾರಿತು. ಬಾಡಿಗೆ ಮನೆಯ ಕಾರ್ಪೆಟ್ ತುಂಬ ಅರಿಶಿನದ ಪಲ್ಯ. ಯಾರೂ ಬಯ್ಯಲಿಲ್ಲ. ದಿನಾ ಸಂಜೆ ಅವನಿಂದಲೇ ತೆಗೆಸಿದರು, ಅವನ ಕೈಯಿಂದಲೇ ತಿನ್ನಿಸಿದರು. ಮರುವಾರ ಡಬ್ಬಿ ಖಾಲಿಯಾಗಿ ಬಂತು.

ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಪ್ರೀತಿಗೆ ನಾನು ಅಡ್ಡ ಬರುತ್ತಿಲ್ಲ. ಆದರೆ ಶಾಲೆಗೆ ಮಗು ಹೋಗುತ್ತದೆ, ನಿಮ್ಮ ಕೈ ಹೋಗುವುದಿಲ್ಲ. ಡಬ್ಬಿ ತೆರೆಯಲು, ಶೂ ಹಾಕಲು, ಆಗದಿದ್ದರೆ ಬಾಯಿಬಿಟ್ಟು ಸಹಾಯ ಕೇಳಲು ಮೊದಲೇ ಕಲಿಸಿ. ಇವತ್ತು ಸಂಜೆಯೇ ಮುಚ್ಚಿದ ಡಬ್ಬಿಯನ್ನು ಮಗುವಿನ ಮುಂದಿಟ್ಟು, ಕೈಕಟ್ಟಿ ಕೂತು ನೋಡಿ. ಕಾರ್ಪೆಟ್ ಆಮೇಲೆ ತೊಳೆದರಾಯಿತು.