ಇಸ್ತ್ರಿ ಗಾಡಿಯಿಂದ ಇಪ್ಪತ್ತು ಹೆಜ್ಜೆ

ಲಿಂಗಯ್ಯನ ಇಸ್ತ್ರಿ ಗಾಡಿ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಫ್ಲೇವಿಯಾ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

ವಿಜಯನಗರದ ಪುಟ್ಟ ಶಿಶುವಿಹಾರವೊಂದರಲ್ಲಿ ಅವಳು ಟೀಚರ್. ವಾರವಿಡೀ ಮಕ್ಕಳಿಗೆ ಕಡಲ್ಗಳ್ಳರ ಆಟದಲ್ಲೇ ಪಾಠ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ ಹಾಳೆಯ ಮೇಲೆ ನಕಾಶೆ ಬರೆದರು. ತೆಂಗಿನ ಚಿಪ್ಪಿನ ದೋಣಿ ಎಷ್ಟು ಗೋಲಿಗೆ ಮುಳುಗುತ್ತದೆ ಎಂದು ಟಬ್ಬಿನಲ್ಲಿ ತೇಲಿಸಿ ನೋಡಿ, ಮೈಯೆಲ್ಲ ನೆನೆಸಿಕೊಂಡರು. ಇವತ್ತು ಕೊನೆಯ ದಿನ, ನಿಧಿ ಹುಡುಕುವ ದಿನ. ಬೆಳಿಗ್ಗೆ ಏಳಕ್ಕೇ ಬಂದು ಪಕ್ಕದ ಖಾಲಿ ಸೈಟಿನಲ್ಲಿ ನಿಧಿ ಹೂತವಳು ಅವಳೇ. ನಕಾಶೆಯಲ್ಲಿ ಬರೆಸಿದ್ದು ಒಂದೇ ಸಾಲು: ಇಸ್ತ್ರಿ ಗಾಡಿಯಿಂದ ಚಾಮುಂಡಿ ಬೆಟ್ಟದ ಕಡೆಗೆ ಇಪ್ಪತ್ತು ಹೆಜ್ಜೆ.

ಆ ಬಡಾವಣೆಯಲ್ಲಿ ಗ್ಯಾಸಿನವನಿಂದ ಹಿಡಿದು ನೆಂಟರವರೆಗೆ ಎಲ್ಲರಿಗೂ ದಾರಿ ಹೇಳುವುದು ಆ ಗಾಡಿಯ ಗುರುತಿನಿಂದಲೇ. ಹತ್ತು ವರ್ಷದಿಂದ ಅಲುಗದ ಗಾಡಿ. ಅದಕ್ಕೂ ಚಕ್ರವಿದೆ ಎಂಬುದು ಯಾರಿಗೆ ನೆನಪಿತ್ತು? ಒಂಬತ್ತಕ್ಕೆ, ಅವಳು ಮಕ್ಕಳೊಂದಿಗೆ ಒಳಗಿದ್ದಾಗ, ಜೆಸಿಬಿ ಬಂದು ಸೈಟಿನ ಗಿಡಗಂಟಿಯನ್ನೆಲ್ಲ ಕೆರೆದು ಬಟಾಬಯಲು ಮಾಡಿತ್ತು. ಧೂಳು ತಾಳಲಾರದೆ ಲಿಂಗಯ್ಯ ಗಾಡಿ ತಳ್ಳಿಕೊಂಡು ಹೋಗಿದ್ದ.

ಹೂತಿಟ್ಟ ಡಬ್ಬಿಯಲ್ಲಿ ಚಾಕೊಲೇಟು ಇದ್ದಿದ್ದರೆ ಫ್ಲೇವಿಯಾ ನಕ್ಕು ಸುಮ್ಮನಾಗುತ್ತಿದ್ದಳು. ಇದ್ದದ್ದು ನಲವತ್ತೆಂಟು ಹಿತ್ತಾಳೆ ಬಟನ್. ಅವಳ ತಾಯಿ ಆರೋಗ್ಯಮೇರಿ ಮಂಡಿ ಮೊಹಲ್ಲಾದಲ್ಲಿ ಮದುವೆ ಬ್ಯಾಂಡಿನವರ ಕೋಟು ಹೊಲಿಯುವವರು. ಪ್ಲಾಸ್ಟಿಕ್ ಕಾಸು ನಿಧಿಯ ಹಾಗೆ ಕಾಣುವುದಿಲ್ಲ ಎಂಬ ಹುಚ್ಚಿಗೆ ಮಗಳು ಕೇಳದೆ ಅಮ್ಮನ ಅಂಗಡಿಯಿಂದ ಆ ಕೋಟುಗಳ ಬಟನ್ ಡಬ್ಬಿಯನ್ನೇ ಎತ್ತಿಕೊಂಡು ಬಂದಿದ್ದಳು. ಹತ್ತು ಗಂಟೆಗೆ ಅಮ್ಮನ ಫೋನ್ ಬಂದಿತ್ತು.

"ಫ್ಲೇವಿ, ಬಟನ್ ಡಬ್ಬಿ ನೋಡಿದ್ಯೇನೇ? ಬ್ಯಾಂಡ್‌ನೋರು ಆರಕ್ಕೆ ಬಂದ್ಬುಡ್ತಾರೆ ಕಣೇ."

"ಇಲ್ಲಮ್ಮ, ನಾನ್ ನೋಡಿಲ್ಲ."

ಮಧ್ಯಾಹ್ನದೊಳಗೆ ತಂದಿಟ್ಟರಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು. ಈಗ ಹದಿನಾರು ಮಕ್ಕಳು, ಕಡಲ್ಗಳ್ಳರ ಹಾಗೆ ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಕೈಗೆ ಸಿಕ್ಕ ಚಮಚದಲ್ಲಿ ಕಂಡಕಂಡಲ್ಲಿ ಅಗೆಯುತ್ತಿದ್ದರು. ಅವಳು ನಿಂತಲ್ಲಿ ನಿಲ್ಲಲಾರದೆ ಸೈಟಿನ ಉದ್ದಗಲ ಸುತ್ತುತ್ತಿದ್ದಳು. ಮತ್ತೆ ಫೋನ್.

"ಸಿಗ್ಲಿಲ್ಲ ಕಣೇ. ನೆನ್ನೆ ಕೊನೇಲಿ ಅಂಗಡಿ ಬಾಗ್ಲು ಹಾಕಿದ್ದು ರಂಜನಿ ಅಲ್ವಾ, ಅವಳ್ನೇ ಕೇಳ್ಬುಟ್ಟೆ. ಅಳ್ತಾ ಕತ್ರಿ ಅಲ್ಲೇ ಇಟ್ಟು ಹೊರಟೋದ್ಳು."

ರಂಜನಿ ಎಂಟು ವರ್ಷದಿಂದ ಅಮ್ಮನ ಪಕ್ಕದ ಮಿಷನ್ನಿನಲ್ಲಿ ಹೊಲಿಯುವ ಹೆಂಗಸು. ಒಂದು ಗಜ ದಾರ ಬೇಕಿದ್ದರೂ ಕೇಳಿ ತೆಗೆದುಕೊಳ್ಳುವವಳು. ಫ್ಲೇವಿಯಾ ಈಗಲೇ ಹೇಳಿಬಿಡಬೇಕಿತ್ತು. ಆದರೆ ಡಬ್ಬಿಯೇ ಕೈಯಲ್ಲಿ ಇಲ್ಲವಲ್ಲ! "ಆಮೇಲೆ ಮಾಡ್ತೀನಮ್ಮ" ಎಂದು ಕರೆ ಕತ್ತರಿಸಿದಳು. ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

"ಮಿಸ್, ಇಲ್ಲಿ ಇದ್ದಿಲು ಬಿದ್ದಿದೆ!" ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ವರ್ಷಿಣಿ ಕೂಗಿದಳು. ಲಿಂಗಯ್ಯ ದಿನಾ ಇಸ್ತ್ರಿಪೆಟ್ಟಿಗೆ ಕೊಡವಿದ ಬೂದಿ ಅಲ್ಲಿ ಕರಿ ಕಲೆಯಾಗಿ ಉಳಿದಿತ್ತು. ಗಾಡಿ ನಿಲ್ಲುತ್ತಿದ್ದದ್ದು ಅಲ್ಲೇ! ಮಕ್ಕಳು ಬೆಟ್ಟದ ಕಡೆ ಮುಖ ಮಾಡಿ, ಕೂಗುತ್ತ ಇಪ್ಪತ್ತು ಹೆಜ್ಜೆ ಎಣಿಸಿ ಅಗೆದರು. ಏನೂ ಸಿಗಲಿಲ್ಲ.

ವರ್ಷಿಣಿ ಫ್ಲೇವಿಯಾಳ ಕಾಲನ್ನೂ ತನ್ನ ಕಾಲನ್ನೂ ನೋಡಿದಳು. "ಹೆಜ್ಜೆ ಯಾರ್ದು ಮಿಸ್? ನಿಮ್ದಾ, ನಮ್ದಾ?"

ಅಳತೆಯ ಪಾಠ ಮಾಡಲು ಹೊರಟವಳು ತಾನು! ಫ್ಲೇವಿಯಾ ಬೂದಿಯ ಬಳಿಯಿಂದ ಮತ್ತೆ ನಡೆದಳು. ಇಪ್ಪತ್ತನೆಯ ಹೆಜ್ಜೆಯಲ್ಲಿ ಮೊಣಕಾಲೂರಿ ಕೈಯಿಂದಲೇ ಕೆದಕಿದಳು. ಡಬ್ಬಿ ತಗುಲಿತು. ಮಕ್ಕಳು ಕುಣಿದಾಡಿದರು. ಅವಳು ಅಲ್ಲೇ ಮಣ್ಣಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮ, ಡಬ್ಬಿ ನಾನೇ ತಂದಿದ್ದೆ. ನೀನು ಕೇಳ್ದಾಗ ಸುಳ್ಳು ಹೇಳ್ಬುಟ್ಟೆ."

"ನನ್ಹತ್ರ ತರ್ಬೇಡ," ಎಂದರು ಆರೋಗ್ಯಮೇರಿ. "ಮೊದ್ಲು ರಂಜನಿ ಮನೆಗೆ ಹೋಗು. ನಾನೂ ಬರ್ಬೇಕು, ಯಾವ ಮುಖ ಇಟ್ಕೊಂಡು ಬರ್ಲಿ?"

ಮೂರು ಗಂಟೆಗೆ ಫ್ಲೇವಿಯಾ ಉದಯಗಿರಿಯ ಓಣಿಯಲ್ಲಿ, ರಂಜನಿಯ ಬಾಗಿಲಲ್ಲಿ ನಿಂತಿದ್ದಳು. ಎದುರು ಮನೆಯ ಹೆಂಗಸರು ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ತಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿ, "ತಪ್ಪಾಯ್ತು ಅಕ್ಕ" ಎಂದು ಡಬ್ಬಿ ಚಾಚಿದಳು.

ರಂಜನಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಕಣ್ಣು ಇನ್ನೂ ಊದಿಕೊಂಡಿತ್ತು. "ನಾನ್ ಮುಟ್ಟಲ್ಲಮ್ಮ. ಎಷ್ಟಿತ್ತು?"

"ನಲವತ್ತೆಂಟು."

"ಎಣ್ಸು. ನಿಮ್ಮಮ್ಮ ನನ್ನ ಕೇಳಿದ್ದು ಅಂಗಡಿ ಬೀದಿಗೆಲ್ಲ ಕೇಳ್ತು. ಇದೂ ಬೀದಿಗೆಲ್ಲ ಕೇಳ್ಲಿ."

ಫ್ಲೇವಿಯಾ ಹೊಸ್ತಿಲ ಹೊರಗೆ ಕೂತು ಬಟನ್‌ಗಳನ್ನು ಮಡಿಲಿಗೆ ಸುರಿದುಕೊಂಡಳು. ದಿನಾ ಮಕ್ಕಳಿಗೆ ಎಣಿಕೆ ಕಲಿಸುವವಳು ಒಂದು ಬಟನ್ ಎತ್ತಿ "ಒಂದು" ಎಂದಳು. ದನಿ ಹೊರಡಲಿಲ್ಲ.

"ಕೇಳಿಸ್ಲಿಲ್ಲ," ಎಂದಳು ರಂಜನಿ.

ಎದುರು ಜಗಲಿಯವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಇತ್ತ ನೋಡಿದರು. ಫ್ಲೇವಿಯಾ ಆ ಬಟನ್ ಮತ್ತೆ ಮಡಿಲಿಗೆ ಹಾಕಿ, ತಲೆಯೆತ್ತಿ, ಮೊದಲಿನಿಂದ ಎಣಿಸಿದಳು.