ಬಟ್ಟೆಮನೆಯ ಮೂಲೆ

ಲಾರಿಗಳಿಗೆ ಟಾರ್ಪಾಲು ಹೊಲಿದೂ ಹೊಲಿದೂ ಅವಳ ಹೆಬ್ಬೆರಳು ಕಲ್ಲಿನಂತಾಗಿತ್ತು. ಅದೇ ಕೈಯಿಂದ ಈಗ ಒಂದು ಮನೆ ಹೊಲಿಯುತ್ತಿದ್ದಳು.

"ಲಾರಿಗೆ ಹೊದಿಸೋದನ್ನ ಹೊದ್ಕೊಂಡು ಸಂಸಾರ ಮಾಡ್ತೀಯೇನಮ್ಮಾ?" ಅಂತ ಅಂಗಡಿಯ ಯಜಮಾನ ನಕ್ಕಿದ್ದ. ನಕ್ಕರೂ, ಹಳೆಯ ಟಾರ್ಪಾಲುಗಳ ಗಟ್ಟಿ ತುಂಡುಗಳನ್ನೆಲ್ಲ ಅವಳಿಗೇ ಎತ್ತಿಟ್ಟಿದ್ದ.

ಈ ಹುಚ್ಚು ಮೊದಲು ಹತ್ತಿದ್ದು ಮಗಳಿಗೆ. ಅಪ್ಪ ದಿನವಿಡೀ ಲಿಫ್ಟಿನ ಪೆಟ್ಟಿಗೆಯೊಳಗೆ ನಿಂತು ಊರ ಜನರನ್ನೆಲ್ಲ ಮೇಲೆ ಕೆಳಗೆ ಸಾಗಿಸಿ ಬಂದರೆ, ಮನೆಯೂ ಇನ್ನೊಂದು ಪೆಟ್ಟಿಗೆಯೇ. ಒಂದೇ ಕೋಣೆ, ಒಂದೇ ಕಿಟಕಿ, ಕಿಟಕಿಯ ತುಂಬ ಎದುರುಮನೆಯ ಗೋಡೆ. ಚೂಟಿ ಅಂತ ಅವರು ಕರೆಯುತ್ತಿದ್ದ ಆ ಹುಡುಗಿ ಬಾಯಲ್ಲಿ ತುತ್ತಿಟ್ಟುಕೊಂಡೇ ಶುರು ಮಾಡುತ್ತಿದ್ದಳು.

"ಅಪ್ಪಾ, ಇವತ್ತು ಮರದ ಮೇಲಿನ ಮನೆ."

"ಆಯ್ತು ತಾಯಿ. ಲಿಫ್ಟ್ ಇಡ್ಸೋಣ್ವಾ?"

"ಬೇಡ! ಅಲ್ಲೂ ನೀನೇ ನಿಂತ್ಕೋಬೇಕಾಗುತ್ತೆ."

ಮರುದಿನ ದೋಣಿಮನೆ, ಅದರ ಮರುದಿನ ಬಳ್ಳಿ ಹೆಣೆದ ಮನೆ. ಕೊನೆಗೆ ಹಳ್ಳದ ದಂಡೆಯ ಬಟ್ಟೆಮನೆ ಗಟ್ಟಿಯಾಯಿತು. ಅಮ್ಮನಿಗೆ ಹೊಲಿಯಲು ಬರುತ್ತದಲ್ಲ! "ಬಿಡುವಾಗ್ಲಿ, ನೋಡೋಣ" ಅಂದಿದ್ದಳು ಅಮ್ಮ. ಅವಳಿಗೆ ಬಿಡುವಾಗುವ ಮೊದಲೇ ಮಗಳಿಗೆ ಜ್ವರ ಬಂತು. ಕೋಣೆಯ ಒಂದು ಮೂಲೆಯಲ್ಲಿ ಗೋಡೆ ಹಿಂದಕ್ಕೆ ಸರಿದು, ಚೂಟಿಯ ಮಂಚ ಮಾತ್ರ ಹಿಡಿಯುವಷ್ಟು ಗೂಡಾಗಿತ್ತು. ಅಲ್ಲೇ ಮಲಗಿದಳು. ಅಲ್ಲಿಂದಲೇ ಎತ್ತಿಕೊಂಡು ಹೋದರು.

ಮಂಚವನ್ನು ಯಾರಿಗೋ ಕೊಟ್ಟರು. ಆ ಜಾಗವನ್ನು ಯಾರಿಗೆ ಕೊಡುವುದು? ಗಂಡ ಅದಕ್ಕೆ ಬೆನ್ನು ಹಾಕಿ ಉಣ್ಣುತ್ತಿದ್ದ. ಒಂದು ದಿನ ಉಂಡ ಕೈ ತೊಳೆಯದೆ ಒಣಗಿಸಿಕೊಂಡೇ ಕುಳಿತಿದ್ದವನು, "ಆ ಮನೆ ಹೊಲಿಯೇ. ಈ ಮೂಲೆ ಜೊತೆ ನಂಗೆ ಬದುಕೋಕಾಗಲ್ಲ" ಅಂದ.

ಅವಳ ಕಸುಬಿನಲ್ಲಿ ಟೇಪು ಹಿಡಿಯುವ ರೂಢಿಯಿಲ್ಲ. ಲಾರಿಯ ಮೇಲೆ ಬಟ್ಟೆ ಹರಡಿ, ಅಂಚು ತಿರುಗಿದಲ್ಲಿ ಉಗುರಿನಿಂದ ಗೀರಿ, ಗೀರಿದಲ್ಲಿ ಕತ್ತರಿಸುವುದು. ಅಂಗಡಿಯಲ್ಲಿ ಜಾಗ ಸಿಗದೆ ಅವಳು ಕೋಣೆಯಲ್ಲೇ ಸಾಮಾನು ಸರಿಸಿ ಬಟ್ಟೆ ಹರಡಿದಳು. ಗೋಡೆ ತಿರುಗಿದಲ್ಲಿ ಗೀರಿದಳು, ಕತ್ತರಿಸಿದಳು. ಮನಸ್ಸೆಲ್ಲ ಹಳ್ಳದ ದಂಡೆಯಲ್ಲಿತ್ತು. ಕೈ ಮಾತ್ರ ತನ್ನ ಕೆಲಸ ಮಾಡಿತು.

ಗಂಡನ ಕಟ್ಟಡದ ಹಳೆಯ ವಾಚ್‌ಮನ್, ಹಳ್ಳದ ಪಕ್ಕದ ತನ್ನ ತುಂಡು ನೆಲದಲ್ಲಿ ಜಾಗ ಕೊಟ್ಟ. ಗೂಟ ಹೊಡೆದರು, ಹಗ್ಗ ಎಳೆದರು. ಬಟ್ಟೆ ಉಬ್ಬಿ ಎದ್ದು ನಿಂತಾಗ ಗಂಡ ಚಪ್ಪಾಳೆ ತಟ್ಟಿದ. ಎಷ್ಟೋ ಕಾಲದ ಮೇಲೆ ಅವನ ಹಲ್ಲು ಕಂಡಿತ್ತು.

"ಮೊದಲು ಯಜಮಾನ್ತಿ ಬಲಗಾಲಿಡಲಿ!"

"ಸಾಕು ಸುಮ್ನಿರ್ರೀ, ನೀವೇ ನಡೀರಿ."

ಅವನು ಒಳಗೆ ಹೋದ. ಹೊರಬರಲಿಲ್ಲ, ಕರೆಯಲೂ ಇಲ್ಲ. ಅವಳು ಬಗ್ಗಿ ಒಳಗೆ ಬಂದಳು.

ಬಾಗಿಲು ಕೋಣೆಯಲ್ಲಿದ್ದ ಕಡೆಯೇ. ಕಿಟಕಿ ಅದೇ ಎತ್ತರಕ್ಕೆ. ಬಲಗಡೆ ತುದಿಯಲ್ಲಿ ಬಟ್ಟೆ ಹಿಂದಕ್ಕೆ ಸರಿದು, ಒಂದು ಪುಟ್ಟ ಮಂಚ ಹಿಡಿಯುವಷ್ಟು ಗೂಡು. ಹೊಲಿಗೆ ಎಲ್ಲಕ್ಕಿಂತ ಅಲ್ಲೇ ಅಚ್ಚುಕಟ್ಟಾಗಿತ್ತು.

"ಅಯ್ಯೋ, ನಂಗೆ ಗೊತ್ತೇ ಆಗ್ಲಿಲ್ಲ ರೀ... ಬಿಚ್ಚಿಬಿಡ್ತೀನಿ. ನೇರಕ್ಕೆ ಎಳೆದು ಹೊಲಿದ್ರಾಯ್ತು." ಚೀಲಕ್ಕೆ ಕೈ ಹಾಕಿ ಕತ್ತರಿ ತಡಕಿದಳು.

ಅವನು ಅವಳ ಮಣಿಕಟ್ಟು ಹಿಡಿದ. "ತೂತು ಉಳಿಯಲ್ವೇನೇ? ದಪ್ಪ ಸೂಜಿ ಒಂದ್ಸಲ ಹೋದ ಕಡೆ ಮಳೆ ಇಳಿದೇ ಇಳಿಯುತ್ತೆ ಅಂತ ನೀನೇ ಹೇಳ್ತಿದ್ದೆ."

ಅದು ನಿಜ. ಅವಳು ಕತ್ತರಿ ಬಿಟ್ಟಳು.

ತಂದಿದ್ದ ಬುತ್ತಿ ಬಿಚ್ಚಿ ಬಡಿಸಿದಳು. ಕಿಟಕಿಯಲ್ಲಿ ಗೋಡೆಯಿರಲಿಲ್ಲ. ಹಳ್ಳ ಬಿಸಿಲಲ್ಲಿ ಹೊಳೆಯುತ್ತಿತ್ತು. ಗಂಡ ಅದನ್ನು ನೋಡಲಿಲ್ಲ. ತಟ್ಟೆ ಎತ್ತಿಕೊಂಡು ಬಂದು, ಇಲ್ಲೂ ಆ ಮೂಲೆಗೆ ಬೆನ್ನು ಹಾಕಿ ಕುಳಿತ.